ಸಿನಿಮಾ ಮುಗಿದ ಮೇಲೆ

"ಗುರುಗಳೇ, ಮುಗಿದುಹೋದದ್ದರ ಕಡೆಗೆ ಮನಸ್ಸು ಯಾಕೆ ಮತ್ತೆ ಮತ್ತೆ ಓಡುತ್ತದೆ?" ಎಂದು ಶಿಷ್ಯ ಕೇಳಿದ.

"ಏನು ಮುಗಿಯಿತು?" ಎಂದರು ಗುರು.

"ನನಗೂ ನನ್ನ ಅಣ್ಣನಿಗೂ ಇದ್ದ ಸಂಬಂಧ. ಅವನ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ನಾನು ಎದ್ದು ಬಂದೆ. ವರ್ಷಗಳಾದವು. ಅಲ್ಲಿಗೆ ಮುಗಿಯಿತು ಎಂದುಕೊಂಡರೂ ನೆನಪು ಬಿಡುವುದಿಲ್ಲ."

"ಹಾಗಾದರೆ ಕೇಳು. ಮಧ್ಯೆ ಬಾಯಿ ಹಾಕಬೇಡ," ಎಂದು ಗುರು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಅಂಗಡಿಯವನಿದ್ದ. ಪಾಲಾಕ್ಷಪ್ಪ ಎಂದು ಹೆಸರು. ಸಿನಿಮಾ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುವುದು ಅವನ ಕಸುಬು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಆಗ ಸಿನಿಮಾ ತಾನಾಗಿ ಮನೆಗೆ ಬರುತ್ತಿರಲಿಲ್ಲ, ಯಾರಾದರೂ ಹೋಗಿ ಕರೆತರಬೇಕಿತ್ತು. ಟಿ.ವಿ. ಇಲ್ಲದ ಮನೆಗೆ ಟಿ.ವಿ.ಯನ್ನೂ, ಕ್ಯಾಸೆಟ್ಟು ಓಡಿಸುವ ಯಂತ್ರವನ್ನೂ ಪಾಲಾಕ್ಷಪ್ಪನೇ ಕೊಡುತ್ತಿದ್ದ. ಅವನ್ನು ಕೌದಿಯಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿ, ತಾನು ಹತ್ತದೆ ತಳ್ಳಿಕೊಂಡೇ ಹೋಗುತ್ತಿದ್ದ. ಬಾಣಂತಿಯನ್ನು ಕರೆದೊಯ್ಯುವಷ್ಟು ಜೋಪಾನ.

ಭಾನುವಾರ ಬಂತೆಂದರೆ ಅಂಗಡಿಯ ಮುಂದೆ ಸಂತೆ. "ಅಳಿಸೋದು ಬೇಡ ಕಣಪ್ಪ, ಮನೇಲಿ ಅತ್ತು ಅತ್ತೇ ಸಾಕಾಗಿದೆ, ನಗಿಸೋದು ಕೊಡು" ಎಂದು ಒಬ್ಬಳು. "ಹೊಡೆದಾಟ ಇಲ್ದಿದ್ರೆ ನಮ್ಮ ಯಜಮಾನ್ರು ಗೊರಕೆ ಹೊಡೀತಾರೆ" ಎಂದು ಇನ್ನೊಬ್ಬಳು. ಒಂದು ಮನೆಯಲ್ಲಿ ಹಾಕಿದರೆ ಇಡೀ ವಠಾರ ಬಂದು ಕೂರುತ್ತಿತ್ತು. ಮಂಡಕ್ಕಿ ಒಗ್ಗರಣೆ ಹಾಕಿದವರು ಬುಟ್ಟಿಯನ್ನೇ ತಂದಿಡುತ್ತಿದ್ದರು. ಜಗಳವಾಡಿ ಮಾತು ಬಿಟ್ಟ ವಾರಗಿತ್ತಿಯರು ಒಂದೇ ಚಾಪೆಯ ಮೇಲೆ ಕೂತು ಒಟ್ಟಿಗೇ ಮೂಗು ಒರೆಸಿಕೊಳ್ಳುತ್ತಿದ್ದರು. ಪಾಲಾಕ್ಷಪ್ಪ ಬಾಗಿಲ ಹತ್ತಿರ ಕೂತು ಸಿನಿಮಾ ನೋಡುವುದನ್ನು ಬಿಟ್ಟು ಅವರನ್ನು ನೋಡುತ್ತಿದ್ದ. ಎಂಥ ಕಾಲವಪ್ಪಾ ಅದು!

ಅವನದೊಂದು ಕಟ್ಟಳೆಯಿತ್ತು. ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿಯೇ ಹಿಂದಿರುಗಿಸಬೇಕು. ರಿವೈಂಡ್ ಎನ್ನುತ್ತಿದ್ದರು. ಸುತ್ತದೆ ತಂದವರಿಗೆ ಎಲ್ಲರೆದುರೇ ಮಂಗಳಾರತಿ. "ಉಂಡ ಎಲೆ ಯಾರು ತೆಗೀಬೇಕು? ನಾನಾ?" ಎಂದು ರೇಗುತ್ತಿದ್ದ. ಅವನ ಬಾಯಿಗೆ ಹೆದರಿ ಊರೆಲ್ಲ ಕಲಿತುಬಿಟ್ಟಿತು. ಸಿನಿಮಾ ಮುಗಿದ ಮರುಕ್ಷಣ ಯಾರಾದರೊಬ್ಬರು ಎದ್ದು ಗುಂಡಿ ಒತ್ತುತ್ತಿದ್ದರು. ಆ ಶಿಸ್ತಿನ ಮೇಲೆ ಅವನಿಗೆ ಬಹಳ ಹೆಮ್ಮೆ.

ಅದೇ ಪೇಟೆಗೆ ನಾಗವೇಣಿ ಎಂಬವಳು ಸೊಸೆಯಾಗಿ ಬಂದಿದ್ದಳು. ಅವಳ ತಂದೆ ಪಕ್ಕದ ಊರಿನ ಬಡಗಿ. ಕೈಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಬಡವ. ಮಗಳ ಮೇಲೆ ಪ್ರೀತಿ ಇದ್ದರೂ ಬಾಯಿಬಿಟ್ಟು ಹೇಳಿದವನಲ್ಲ. ಮದುವೆ ಮುಗಿದು ಹೆಣ್ಣೊಪ್ಪಿಸುವ ಹೊತ್ತಿಗೆ ಅವನು ಶಾಸ್ತ್ರ ಮಾಡಿದ, ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟ. "ಬಾಡಿಗೆ ಪಾತ್ರೆ ಎಣಿಸ್ಬೇಕು" ಎಂದು ಒಳಗೆ ಹೋದವನು ಮಗಳನ್ನು ಕಳಿಸಲು ಕಾರಿನ ಹತ್ತಿರ ಬರಲೇ ಇಲ್ಲ. ನಾಗವೇಣಿಗೆ ಆ ನೋವು ಆರಲಿಲ್ಲ. "ಮಗಳು ಹೋಗ್ತಿದ್ರೆ ನಮ್ಮಪ್ಪನಿಗೆ ಸೌಟಿನ ಚಿಂತೆ" ಎಂದು ಕಂಡವರೆದುರೆಲ್ಲ ಹೇಳಿಕೊಳ್ಳುತ್ತಿದ್ದಳು.

ಆ ಮದುವೆಯ ಕ್ಯಾಸೆಟ್ಟು ಅವಳ ಬಳಿ ಇತ್ತು. ವರ್ಷಕ್ಕೊಮ್ಮೆ ಪಾಲಾಕ್ಷಪ್ಪನ ಯಂತ್ರ ತರಿಸಿ ಎಲ್ಲರೂ ಕೂತು ನೋಡುವುದು ಅವಳ ಮನೆಯ ಹಬ್ಬ. ಅದರಲ್ಲಿ ಅವಳ ಕಾರು ಬೀದಿಯ ತಿರುವಿನಲ್ಲಿ ಮರೆಯಾದ ಕೂಡಲೇ ಅವಳೇ ಎದ್ದು ಗುಂಡಿ ಒತ್ತುತ್ತಿದ್ದಳು. "ಇನ್ನೇನಿದೆ ನೋಡೋಕೆ" ಎನ್ನುತ್ತಿದ್ದಳು.

ಒಂದು ವರ್ಷ ಆ ಕ್ಯಾಸೆಟ್ಟು ಕಾಣಲಿಲ್ಲ. ಅದೇ ವರ್ಷ ಬಡಗಿ ತೀರಿಕೊಂಡ. ನಾಗವೇಣಿ ಅಂಗಡಿಗೆ ಬಂದಳು. "ನಿಮ್ಮ ಸಿನಿಮಾ ಕ್ಯಾಸೆಟ್ಟಿನ ಜೊತೆ ನಮ್ಮದೂ ಬಂದಿರಬೇಕು, ನೋಡಿಯಪ್ಪ. ನಮ್ಮಪ್ಪ ಓಡಾಡಿದ್ದು ಇರೋದು ಅದೊಂದರಲ್ಲೇ" ಎಂದಳು. ಪಾಲಾಕ್ಷಪ್ಪ ಮನಸ್ಸಿಟ್ಟು ಹುಡುಕಿದ. ಒಂದೊಂದನ್ನೂ ಯಂತ್ರಕ್ಕೆ ಹಾಕಿ ಆರಂಭ ನೋಡಿದ. ಎಲ್ಲದರಲ್ಲೂ ಸಿನಿಮಾ. "ನನ್ನ ಅಂಗಡೀಲಿ ಇಲ್ಲ ಕಣಮ್ಮ. ಮನೇಲೇ ಸರಿಯಾಗಿ ನೋಡು" ಎಂದ. ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು ಹೋದಳು.

ಆಮೇಲೆ ಕೇಬಲ್ಲು ಬಂತು. ಅದರ ಹಿಂದೆ ತಟ್ಟೆಯಂಥ ಸಿ.ಡಿ. ಬಂತು, ಕೊನೆಗೆ ಎಲ್ಲರ ಜೇಬಿನಲ್ಲೂ ಸಿನಿಮಾ ಬಂತು. ಭಾನುವಾರದ ಸಂತೆ ಕರಗಿತು. ಯಾರೂ ಜಗಳವಾಡಿ ಹೋಗಲಿಲ್ಲ. ಸಿಕ್ಕರೆ ಮೊದಲಿನ ಹಾಗೇ ನಗುತ್ತಿದ್ದರು, ಅಂಗಡಿಯ ಮೆಟ್ಟಿಲು ಮಾತ್ರ ಹತ್ತುತ್ತಿರಲಿಲ್ಲ. ಪಾಲಾಕ್ಷಪ್ಪ ದಿನವೂ ಬಾಗಿಲು ತೆಗೆದ, ಧೂಳು ಹೊಡೆದ, ಊದುಬತ್ತಿ ಹಚ್ಚಿದ. ಕ್ಯಾಸೆಟ್ಟು ಬೇಕೆಂದು ಯಾರೂ ಬರಲಿಲ್ಲ. ಹೆಂಡತಿ ಬೈದಳು, ಮಕ್ಕಳು ತಿಳಿಹೇಳಿದರು. ಕೊನೆಗೆ ಗುಜರಿಯವನಿಗೆ ಹೇಳಿಕಳಿಸಿದ. ನಾಳೆ ಬೆಳಿಗ್ಗೆ ಗಾಡಿ ತರುತ್ತೇನೆ ಎಂದ ಗುಜರಿಯವ.

ಆ ಮಧ್ಯಾಹ್ನ ಪಾಲಾಕ್ಷಪ್ಪ ಅಂಗಡಿಯಲ್ಲಿ ಒಬ್ಬನೇ ಕೂತ. ಹಿಂದೆ ಬಹಳ ಓಡಿದ್ದ ಒಂದು ಸಿನಿಮಾ ಹಾಕಿದ. ಯಾವ ಮನೆಯಲ್ಲಿ ಯಾರು ಎಲ್ಲಿ ನಕ್ಕಿದ್ದರು, ಎಲ್ಲವೂ ನೆನಪಿತ್ತು. ಒಬ್ಬನೇ ನಕ್ಕ, ಒಬ್ಬನೇ ಅತ್ತ. ಸಿನಿಮಾ ಮುಗಿಯಿತು. ಕೈ ತಾನಾಗಿ ಗುಂಡಿಯ ಕಡೆ ಹೋಯಿತು. ಸುತ್ತಿ ಯಾರಿಗೆ ಕೊಡಬೇಕು? ಕೈ ಹಿಂದಕ್ಕೆ ತೆಗೆದ. ಎಷ್ಟು ಓಡುತ್ತದೋ ಓಡಲಿ ಎಂದು ಬಿಟ್ಟ.

ಸ್ವಲ್ಪ ಹೊತ್ತು ಬರೀ ಚುಕ್ಕೆ ಕಂಡವು. ಆಮೇಲೆ ಒಂದು ಚಪ್ಪರ, ಒಂದು ಕಾರು. ಕಾರಿನಲ್ಲಿ ಅಳುತ್ತಿರುವ ಮದುಮಗಳು. ಅವಳು ನಾಗವೇಣಿ.

ಎಂದೋ ಹಿಂದಿರುಗಿದ ರಾಶಿಯಲ್ಲಿ ಹೆಸರಿಲ್ಲದ ಒಂದು ಕ್ಯಾಸೆಟ್ಟು ಸಿಕ್ಕಿತ್ತು. ತನ್ನದೇ ಖಾಲಿ ಕ್ಯಾಸೆಟ್ಟು ಎಂದುಕೊಂಡು ಹಬ್ಬದ ಗಡಿಬಿಡಿಯಲ್ಲಿ ಅದರ ಮೇಲೆ ಸಿನಿಮಾ ತುಂಬಿಸಿದ್ದ. ಕ್ಯಾಸೆಟ್ಟು ಉದ್ದ, ಸಿನಿಮಾ ಗಿಡ್ಡ. ಅಳಿಸದೆ ಉಳಿದದ್ದು ಈ ಬಾಲ ಮಾತ್ರ. ಅದು ಊರಿನ ಎಷ್ಟೋ ಮನೆಗೆ ಹೋಗಿ ಬಂದಿತ್ತು. ಅವನ ಕಟ್ಟಳೆಯ ದೆಸೆಯಿಂದ ಒಬ್ಬರೂ ಅಲ್ಲಿಯವರೆಗೆ ಓಡಿಸಿರಲಿಲ್ಲ. ಕಾರು ಮರೆಯಾದ ಮೇಲೆ ಏನಿತ್ತೋ ಅದನ್ನೂ ಅವನು ನೋಡಿದ.

ನಾಳೆ ಗಾಡಿ ಬರುತ್ತದೆ. ಬಾಯಿಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಇಷ್ಟು ವರ್ಷದ ಒಳ್ಳೆಯ ಹೆಸರು ಅಂಗಡಿಯ ಜೊತೆಗೇ ಹೋಗುತ್ತದೆ. ಹೇಳದಿದ್ದರೆ ಆ ಹೆಣ್ಣುಮಗಳಿಗೆ ಅವಳ ಅಪ್ಪ ಸಿಗುವುದಿಲ್ಲ. ಪಾಲಾಕ್ಷಪ್ಪ ಟಿ.ವಿ.ಯನ್ನೂ ಯಂತ್ರವನ್ನೂ ಕೌದಿಯಲ್ಲಿ ಸುತ್ತಿದ. ಸೈಕಲ್ಲು ತಳ್ಳಿಕೊಂಡು ನಾಗವೇಣಿಯ ಮನೆಗೆ ಹೊರಟ.

"ನಿಮ್ಮ ಮದುವೆ ಅಳಿಸಿದವನು ನಾನೇ ಕಣಮ್ಮ. ಗೊತ್ತಿಲ್ಲದೆ ಮೇಲೆ ಸಿನಿಮಾ ತುಂಬಿಸಿಬಿಟ್ಟೆ. ಉಳಿದದ್ದು ಕೊನೇದು ಒಂದಿಷ್ಟು," ಎಂದು ನಿಂತ.

ನಾಗವೇಣಿ ಕೆಂಡವಾದಳು. "ತಾಳಿ ಕಟ್ಟಿದ್ದು?"

"ಹೋಯ್ತು."

"ಅಪ್ಪ ಧಾರೆ ಎರೆದದ್ದು?"

"ಅದೂ ಹೋಯ್ತು."

"ನಿನ್ನ ಅಂಗಡಿಗೆ ಬೆಂಕಿ ಬೀಳ! ಆವತ್ತು ಇಲ್ಲ ಅಂತ ಸಾಧಿಸಿದೆಯಲ್ಲೋ!" ಎಂದು ಕೂಗಿದಳು. "ತಾಳಿ ಕಟ್ಟಿದ್ದೇ ಅಳಿಸಿಹೋಯ್ತಾ? ಹಾಗಾದ್ರೆ ನಾನು ಸ್ವತಂತ್ರ" ಎಂದು ಅವಳ ಗಂಡ ತಮಾಷೆ ಮಾಡಲು ಹೋದ. ಅವಳು ನೋಡಿದ ನೋಟಕ್ಕೆ ಒಳಗೆ ಸರಿದ.

ಪಾಲಾಕ್ಷಪ್ಪ ತಲೆ ತಗ್ಗಿಸಿಯೇ ಕ್ಯಾಸೆಟ್ಟು ಹಾಕಿದ. ಕಾರು ಹೊರಟಿತು, ತಿರುವಿನಲ್ಲಿ ಮರೆಯಾಯಿತು. ನಾಗವೇಣಿ ಕಣ್ಣೊರೆಸಿಕೊಂಡು ಗುಂಡಿಗೆ ಕೈ ಚಾಚಿದಳು. ಊರಿಗೆಲ್ಲ ರಿವೈಂಡ್ ಕಲಿಸಿದವನು ಕೈ ಅಡ್ಡ ಹಿಡಿದ.

"ಬೇಡಮ್ಮ. ಇವತ್ತು ಸುತ್ತಬೇಡ. ನೋಡು."

ಮದುವೆ ಚಿತ್ರ ತೆಗೆದವನಿಗೆ ಕ್ಯಾಸೆಟ್ಟು ಉಳಿದಿದ್ದಿರಬೇಕು. ತುಂಬಿಸಿದರಾಯಿತೆಂದು ಖಾಲಿ ಚಪ್ಪರ ತೆಗೆದ, ಅಡುಗೆಮನೆ ತೆಗೆದ, ಉಗ್ರಾಣಕ್ಕೂ ಹೋದ. ಅಲ್ಲಿ ಬಾಡಿಗೆ ಪಾತ್ರೆಗಳ ನಡುವೆ ಬಡಗಿ ಕುಕ್ಕರಗಾಲಿನಲ್ಲಿ ಕೂತಿದ್ದ. ಬೆರಳಿಟ್ಟು "ಒಂದು, ಎರಡು, ಮೂರು" ಎನ್ನುತ್ತಿದ್ದ. ಅಲ್ಲಿಗೆ ಎಣಿಕೆ ತಪ್ಪುತ್ತಿತ್ತು. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಮತ್ತೆ "ಒಂದು" ಎನ್ನುತ್ತಿದ್ದ. ಅಡುಗೆಯವನು ಬಂದು, "ಯಜಮಾನ್ರೇ, ಲೆಕ್ಕ ಸರಿ ಇದೆಯಾ?" ಎಂದ. "ನನ್ನ ಕೈಲಾಗಲ್ಲ ಕಣಯ್ಯ, ನೀನೇ ಎಣಿಸು" ಎಂದ ಬಡಗಿ. ಸೌಟನ್ನು ಎದೆಗೆ ಒತ್ತಿ ಹಿಡಿದು, ಗೋಡೆಗೆ ತಿರುಗಿ, ಬಿಕ್ಕಿ ಬಿಕ್ಕಿ ಅತ್ತ.

ನಾಗವೇಣಿ ಟಿ.ವಿ.ಯ ಮುಂದೆ ಕುಸಿದು ಕೂತಳು. "ಅಯ್ಯೋ ಅಪ್ಪಾ" ಎಂದಳು. "ಇದು ಮೊದಲಿಂದಲೂ ಅದರಲ್ಲೇ ಇತ್ತಾ? ನಮ್ಮ ಮನೇಲೇ ಇತ್ತಾ? ಸಾಯೋವರೆಗೂ ಅವರನ್ನ ಕಲ್ಲು ಅಂತಿದ್ದೆನಲ್ಲಪ್ಪಾ..." ಎಂದು ಹಣೆ ಚಚ್ಚಿಕೊಂಡಳು. ಪಾಲಾಕ್ಷಪ್ಪ ಯಂತ್ರವನ್ನು ಅಲ್ಲೇ ಬಿಟ್ಟು ಖಾಲಿ ಸೈಕಲ್ಲು ತಳ್ಳಿಕೊಂಡು ಮನೆಗೆ ಹೋದ.

ಗುರು ಇಲ್ಲಿಗೆ ನಿಲ್ಲಿಸಿದರು.

"ಅಂಗಡಿ ಏನಾಯಿತು?" ಎಂದ ಶಿಷ್ಯ.

"ಮುಚ್ಚಿತು. ಈಗ ಅಲ್ಲಿ ಮೊಬೈಲು ರಿಪೇರಿ ಮಾಡುತ್ತಾರೆ," ಎಂದರು ಗುರು. ಆಮೇಲೆ ಶಿಷ್ಯನ ಕಡೆ ತಿರುಗಿ ಕೇಳಿದರು:

"ನೀನು ಎದ್ದು ಬಂದ ಮೇಲೆ ನಿನ್ನ ಅಣ್ಣ ಏನು ಮಾಡಿದ?"