ಪುಡಿ ಮಾರುವವನಿಗೆ ಮಂಗಳಾರತಿ

ಇನ್ನೂ ಹತ್ತಿರ ಬನ್ನಿ. ಈ ಮಾತು ಈ ಜಗಲಿ ದಾಟಬಾರದು. ಯಾರು ಹೇಳಿದರು ಅಂತ ಕೇಳಿದರೆ ಗಾಳಿ ಹೇಳಿತು ಅನ್ನಿ.

ಹೊಳೆದಂಡೆಯ ಆಶ್ರಮದಲ್ಲಿ ಮುಕುಂದದಾಸರು ಹರಿಕಥೆ ಕಲಿಸುತ್ತಿದ್ದರು. ಶಿಷ್ಯೆ ಪಂಕಜಾಕ್ಷಿ, ಹನ್ನೆರಡು ವರ್ಷ ಕಲಿತವಳು. ಸ್ವಂತವಾಗಿ ಒಂದು ಕಥೆ ಕಟ್ಟಿ, ಜನರ ಮುಂದೆ ಹೇಳಿ ಗುರುಗಳನ್ನು ಒಪ್ಪಿಸಿದರೆ ಇನ್ನು ಊರೂರಿಗೆ ಅವಳೇ ಕಥೆಗೆ ಹೋಗಬಹುದು. ಒಪ್ಪದಿದ್ದರೆ ಮತ್ತೆ ತಾಳ ತಟ್ಟಿಕೊಂಡು ಹಿಂದೆ ನಿಲ್ಲುವುದೇ.

"ಯಾರ ಕಥೆ ಕಟ್ಟಿದ್ದೀಯಮ್ಮ?" ಅಂದರು ಗುರುಗಳು.

"ಧ್ರುವ, ಪ್ರಹ್ಲಾದ ಅಂದರೆ ಜನ ಎದ್ದು ಹೋಗ್ತಾರೆ ಗುರುಗಳೇ. ಒಂದು ಸಿನಿಮಾ ನೋಡಿದೆ. ಅದರಲ್ಲಿ ಪುಡಿ ಮಾರುವವನೇ ನಾಯಕ."

"ಸಾರಿನ ಪುಡಿಯೇ?"

"ಅಯ್ಯೋ, ನಶೆಯ ಪುಡಿ! ಆದರೆ ಚಿನ್ನದಂಥ ಮನುಷ್ಯ. ದಿನಾ ಅವ್ವನ ಕಾಲು ಒತ್ತುತ್ತಾನೆ. ಬಡವರ ಮಕ್ಕಳ ಮದುವೆ ಮಾಡಿಸುತ್ತಾನೆ. ಕೊನೆಗೆ ಪೊಲೀಸರ ಗುಂಡಿಗೆ ಸಿಕ್ಕಿ ಅವ್ವನ ತೊಡೆ ಮೇಲೆ ಸಾಯುತ್ತಾನೆ. ನನ್ನ ಸೆರಗೆಲ್ಲ ಒದ್ದೆ."

ಬೇರೆ ಯಾರಾದರೂ ಆಗಿದ್ದರೆ ತಾಳ ಕಿತ್ತುಕೊಂಡು ಮನೆಗೆ ಕಳಿಸುತ್ತಿದ್ದರು. ದಾಸರ ತಾಳ್ಮೆಯೇ ತಾಳ್ಮೆ.

"ಕಥೆ ಮುಗಿದ ಮೇಲೆ ನಾಯಕನಿಗೆ ಮಂಗಳಾರತಿ ಆಗಬೇಕಲ್ಲ?"

"ಆಗಲೇಬೇಕು. ಆರತಿ ಎತ್ತದೆ ಹರಿಕಥೆ ಮುಗಿಯುತ್ತದೆಯೇ?"

"ಸರಿ. ಸಂಜೆ ಹೇಳು."

ಆಹಾ, ಏನು ಹೇಳಿದಳು ಅಂತೀರಿ! ಹೆಂಗಸರೆಲ್ಲ ಮೂಗು ಒರೆಸಿಕೊಂಡರು. ರಿಟೈರಾದ ಪೊಲೀಸ್ ದಫೇದಾರ್ ಬೋರಯ್ಯನಂಥವನೇ, ಪೊಲೀಸರ ಗುಂಡು ಬಿದ್ದಾಗ, "ಥೂ, ಪಾಪಿಗಳಾ" ಅಂದುಬಿಟ್ಟ.

ದಾಸರೂ ತಲೆದೂಗಿದರು. "ಕಂಠ ನೂರಕ್ಕೆ ನೂರು."

ಪಂಕಜಾಕ್ಷಿ ಉಬ್ಬಿಹೋದಳು. ಮಂಗಳದ ಹಾಡು ಎತ್ತಿಕೊಂಡಳು. ಯಾವಾಗಲೂ ಆರತಿ ಎತ್ತುವ ಬೋರಯ್ಯನ ಹೆಂಡತಿ ರೇಷ್ಮೆ ಸೀರೆ ಸರಿಮಾಡಿಕೊಂಡು ಎದ್ದಳು.

ದಾಸರು ಕೈ ಅಡ್ಡ ಹಿಡಿದರು. "ಇವತ್ತು ಕೆಂಚಮ್ಮ ಎತ್ತಲಿ."

ಬೋರಯ್ಯನ ಹೆಂಡತಿ ಮತ್ತೆ ಕೂತಳು.

ಕೆಂಚಮ್ಮ ಆಶ್ರಮದ ಪಕ್ಕದ ಮನೆಯವಳು. ಅವಳ ಒಬ್ಬನೇ ಮಗ ಹೋದ ವರ್ಷ ಅಂಥದೇ ಪುಡಿಯ ಚಟ ಹತ್ತಿ ಬಸ್ ನಿಲ್ದಾಣದ ಹಿಂದೆ ಹೆಣವಾಗಿ ಸಿಕ್ಕಿದ್ದ. ಕಾಮಾಲೆ ಅಂತ ಹೇಳಿ ವಿಷಯ ಮುಚ್ಚಿಹಾಕಿದರು. ಊರಿಗೆಲ್ಲ ಗೊತ್ತು, ಪಂಕಜಾಕ್ಷಿಗೂ ಗೊತ್ತು. ಅಂದಿನಿಂದ ಕೆಂಚಮ್ಮನ ಕೈಗೆ ಆರತಿ ತಟ್ಟೆ ಕೊಟ್ಟವರಿಲ್ಲ.

ಪಂಕಜಾಕ್ಷಿ ಹಾಡು ನಿಲ್ಲಿಸಿದಳು. "ಗುರುಗಳೇ, ಅವರು ಬೇಡ."

"ಯಾಕಮ್ಮ?"

"ಅವರ ಮಗ..." ಅಂದು ಅವಳು ತಾಳ ಕೆಳಗಿಟ್ಟಳು.

"ಹಾಗಾದರೆ ಇವತ್ತು ನಿನ್ನ ಗುರು ನಾನಲ್ಲ. ಒಪ್ಪಿಸುವುದಿದ್ದರೆ ಕೆಂಚಮ್ಮನನ್ನು ಒಪ್ಪಿಸು." ಅಷ್ಟು ಜನರ ಮುಂದೆ ದಾಸರು ತಮ್ಮ ಮಣೆ ಬಿಟ್ಟು ಎದ್ದರು. ಎಂಥ ಧೈರ್ಯ ನೋಡಿ ಆ ಮನುಷ್ಯನದು!

ಕೆಂಚಮ್ಮ ತಟ್ಟೆ ತೆಗೆದುಕೊಂಡಳು. ಕರ್ಪೂರ ಹಚ್ಚಲಿಲ್ಲ. ನೇರ ಪಂಕಜಾಕ್ಷಿಯ ಮುಖದೆದುರು ಬಂದು ನಿಂತಳು.

"ಚೆನ್ನಾಗಿ ಹೇಳಿದೆ ಕಣವ್ವ. ಅವನ ಅವ್ವ ಅತ್ತಾಗ ನಾನೂ ಅತ್ತೆ. ಅವನ ಹತ್ರ ಪುಡಿ ಕೊಂಡ ಹುಡುಗನ ಅವ್ವ ಯಾವಾಗ ಬರ್ತಾಳೆ ಅಂತ ಕಡೇವರೆಗೂ ಕಾಯ್ತಾ ಕೂತಿದ್ದೆ."