ಬೈಗುಳ ಮರೆತ ಬೆರಳು

ಕಸೂತಿ ಹಾಕುವ ಪಾರವ್ವನ ಸೂಜಿಗೆ ದಿನವೂ ಬೈಗುಳ ತಪ್ಪಿದ್ದಲ್ಲ. ಸೀರೆಯ ಅಡಿಯಲ್ಲಿ ಎಳೆ ತಡವುತ್ತಿದ್ದ ತೋರುಬೆರಳಿಗೆ ತುಸು ಮೊನೆ ತಗುಲಿದರೂ ಸಾಕು, "ಹಾಳಾಗಿ ಹೋಗು, ಮೈಮೇಲೆ ಎಚ್ಚರ ಬೇಡವೇ?" ಎಂದು ಬೆರಳು ಸಿಡುಕುತ್ತಿತ್ತು.

ಒಂದು ದಿನ ಸೂಜಿ ಕೈತಪ್ಪಿ ಆಳವಾಗಿಯೇ ಚುಚ್ಚಿತು. ಬೆರಳು ಸೊಲ್ಲೆತ್ತಲಿಲ್ಲ.

"ಭಲೆ! ಕೊನೆಗೂ ಗಟ್ಟಿಗನಾದೆ" ಎಂದಿತು ಸೂಜಿ.

"ಚುಚ್ಚಿದೆಯಾ? ನನಗೆ ತಿಳಿಯಲೇ ಇಲ್ಲ" ಎಂದಿತು ಬೆರಳು. "ಜೋಮು ಹಿಡಿದು ಬಹಳ ದಿನವಾಯಿತು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯೋ, ರಕ್ತದಲ್ಲಿ ಸಕ್ಕರೆ ಏರಿದೆಯೋ, ಊಟದಲ್ಲಿ ಸತ್ವ ಸಾಲದೋ, ಡಾಕ್ಟರು ನೋಡಿ ಹೇಳಬೇಕು. ಇವಳೋ, ಕೈ ಕೊಡವಿ ಮತ್ತೆ ಹೊಲಿಯಲು ಕೂರುತ್ತಾಳೆ."

ಬಿಳಿ ದಾರಕ್ಕೆ ರಕ್ತ ಹತ್ತಿದ್ದನ್ನು ಕಂಡು ಸೂಜಿಗೆ ತಪ್ಪು ಹೊಳೆಯಿತು. ತಾನು ಹೊಗಳಿದ್ದು ಧೈರ್ಯವನ್ನಲ್ಲ, ರೋಗವನ್ನು! ಮರುಕ್ಷಣವೇ ಸೂಜಿ ಬೇಕೆಂದೇ ದಾರ ಬಿಟ್ಟು ನುಣುಚಿ ನೆಲಕ್ಕೆ ಬಿದ್ದಿತು. ಪಾರವ್ವ ಬಗ್ಗಿ ಜೋಮು ಹಿಡಿದ ಕೈಯಿಂದ ಎಷ್ಟು ತಡಕಿದರೂ ಅದನ್ನು ಹೆಕ್ಕಲಾಗಲಿಲ್ಲ.

"ಯವ್ವಾ, ಕಣ್ಣಿಗೆ ಕಾಣತೈತಿ, ಕೈಗೆ ಸಿಗವಲ್ದು!" ಎಂದು ಹೆದರಿ ಅವಳು ಅವತ್ತೇ ಆಸ್ಪತ್ರೆಗೆ ಹೋದಳು.

ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳು ಇನ್ನೊಂದು ಕೈಯಿಂದ ಸೂಜಿಯನ್ನು ಹೆಕ್ಕಿ ಡಬ್ಬಿಯಲ್ಲಿಟ್ಟಳು. ಅದು ಮತ್ತೆ ಬಟ್ಟೆಯ ಮುಖ ಕಂಡದ್ದು ಮಳೆಗಾಲ ಕಳೆದ ಮೇಲೆ. ಮೊದಲ ಹೊಲಿಗೆಗೇ ಮೊನೆ ಜಾರಿತು.

"ಹಾಳಾಗಿ ಹೋಗು!" ಎಂದು ಬೆರಳು ಚಂಗನೆ ಹಿಂದೆ ಸರಿಯಿತು.

ಸೂಜಿ ತಲೆಬಾಗಿ ಹೇಳಿತು: "ಬೈಯಣ್ಣಾ, ಇನ್ನೂ ಬೈ. ನೀನು ಬೈಯುವಷ್ಟು ದಿನ ಈ ಕೈಗೆ ಕಾವಲಿದೆ."