ಫಕೀರವ್ವನ ಕಿವಿಚಿಪ್ಪು

ಎರಡು ಬಟ್ಟಲು, ಸಾರಿಲ್ಲ. ಮೂರು ಪಟ್ಟಿ, ಚಪ್ಪಲಿ ಅಲ್ಲ. ತಲಿಗೆ ಕಟ್ಟತಾರ, ರುಮಾಲಲ್ಲ. ಏನದು, ಹೇಳ್ರಿ?

ಬರೂದಿಲ್ಲ ಬಿಡ್ರಿ. ನಿಮ್ಮ ಮಾಸ್ತರಿಗೂ ಬರೂದಿಲ್ಲ. ಊರಾಗ ಅದು ಇದ್ದದ್ದೇ ಒಂದು. ಕುಸ್ತಿ ಹಿಡಿಯೋ ಫಕೀರವ್ವನ ಹತ್ರ. ಅದರ ಹೆಸರು ಕಿವಿಚಿಪ್ಪು. ಕುಸ್ತಿಯೊಳಗ ಕಿವಿ ಮುರೀಬಾರದಂತ ಕಟ್ಟಿಕೊಳ್ಳೋದು.

ಫಕೀರವ್ವನ ಅವ್ವ ಮೊದಲೇ ಹೇಳಿದ್ದಳು. "ಕೈ ಮುರಿದರ ಕಟ್ಟತೀನಿ. ಕಾಲು ಮುರಿದರ ತಿಕ್ಕತೀನಿ. ಕಿವಿ ಮುರಿದರ ಮಾತ್ರ ಕುಸ್ತಿ ಬಂದ್! ತಿಳೀತಿಲ್ಲೋ?"

"ತಿಳೀತವ್ವಾ," ಅಂದಳು ಫಕೀರವ್ವ.

ಅವತ್ತು ಸಂಜಿಗೆ ಊರ ಬಯಲಾಗ ಕುಸ್ತಿ. ಮುಂಜಾನೆ ಫಕೀರವ್ವ ಕಿವಿಚಿಪ್ಪು ಹಿಡಕೊಂಡು ಗರಡಿಮನಿಗೆ ಹೋದಳು. ಬಾಗಿಲದಾಗ ಉಸ್ತಾದ ನಿಂತಿದ್ದ. ಗರಡಿ ಕಲಿಸೋ ಗುರು ಅವನು.

"ಏ ಹುಡುಗಿ, ಅದರ ಪಟ್ಟಿ ಚರ್ಮದ್ದು. ಗರಡಿಯೊಳಗ ಚರ್ಮ ತರಂಗಿಲ್ಲ. ಅದನ್ನೂ ಚಪ್ಪಲಿ ಜೋಡಿ ಹೊರಗಿಡು."

ಫಕೀರವ್ವ ಹೊರಗಿಟ್ಟಳು. ಚಪ್ಪಲಿ ಮ್ಯಾಲ ಇಟ್ಟಳು. ಮಣ್ಣು ಮುಟ್ಟಿ ನಮಸ್ಕಾರ ಮಾಡಿದಳು. ನೂರು ಬೈಠಕ್ ಹೊಡೆದಳು. ಹೊರಗ ಬಂದಳು.

ಚಪ್ಪಲಿ ಇತ್ತು. ಕಿವಿಚಿಪ್ಪು ಇರಲಿಲ್ಲ.

ಕೆಂಚ ನಾಯಿ ತಿಪ್ಪಿ ಮ್ಯಾಲ ಕೂತಿತ್ತು. ಬಾಯಾಗ ಕಿವಿಚಿಪ್ಪು ಹಿಡಿದಿತ್ತು.

"ನಾಯಿ, ನಾಯಿ, ನನ್ನ ಕಿವಿಚಿಪ್ಪು ಕೊಡು."

"ಕೊಡೂದಿಲ್ಲ. ಚರ್ಮ ಭಾಳ ರುಚಿ ಐತಿ. ರೊಟ್ಟಿ ತಾ, ಕೊಡತೀನಿ."

ಫಕೀರವ್ವ ಖಾನಾವಳಿ ಕಲ್ಲವ್ವನ ಕಡೆ ಓಡಿದಳು.

"ಕಲ್ಲವ್ವಾಯಿ, ಕಲ್ಲವ್ವಾಯಿ, ರೊಟ್ಟಿ ಕೊಡು. ರೊಟ್ಟಿ ಇದ್ದರ ಕಿವಿಚಿಪ್ಪು. ಕಿವಿಚಿಪ್ಪು ಇದ್ದರ ಕಿವಿ. ಕಿವಿ ಇದ್ದರ ಕುಸ್ತಿ."

"ಕೊಡೂದಿಲ್ಲ," ಅಂದಳು ಕಲ್ಲವ್ವ. "ರೊಟ್ಟಿ ಬಡಿಯೋ ಕೈಲೆ ಮಂದೀನ ಬಡೀತಾಳಂತ! ನಡಿ, ನಡಿ. ಹಿಟ್ಟು ಮುಗದೈತಿ. ಹಿಟ್ಟು ತಾ, ಕೊಡತೀನಿ."

ಫಕೀರವ್ವ ಗಿರಣಿ ಮಾಬುಸಾಬನ ಕಡೆ ಓಡಿದಳು.

"ಮಾಬು ಕಾಕಾ, ಮಾಬು ಕಾಕಾ, ಹಿಟ್ಟು ಕೊಡು. ಹಿಟ್ಟಿದ್ದರ ರೊಟ್ಟಿ. ರೊಟ್ಟಿ ಇದ್ದರ ಕಿವಿಚಿಪ್ಪು. ಕಿವಿಚಿಪ್ಪು ಇದ್ದರ ಕಿವಿ. ಕಿವಿ ಇದ್ದರ ಕುಸ್ತಿ."

"ಕೊಡೂದಿಲ್ಲ," ಅಂದ ಮಾಬುಸಾಬ. "ಕೇಳಿಸ್ತೇನು? ಗಿರಣಿ ಗಾಲಿ ಕಿರ್ ಕಿರ್ ಅಂತೈತಿ. ಅದರ ಮುಂದ ನಿನ್ನದೊಂದು ಕಿರಿಕಿರಿ. ಎಣ್ಣಿ ತಾ, ಕೊಡತೀನಿ."

ಎಣ್ಣಿ ಎಲ್ಲೈತಿ? ಗರಡಿಮನ್ಯಾಗ ಐತಿ. ಯಾರ ಹತ್ರ ಐತಿ? ಉಸ್ತಾದನ ಹತ್ರ ಐತಿ. ಮೈ ತಿಕ್ಕೋ ಎಣ್ಣಿ, ಒಂದು ಗಡಿಗಿ ತುಂಬ.

ಫಕೀರವ್ವಗ ಹೋಗಾಕ ಮನಸ್ಸಿಲ್ಲ. ಆದರೂ ಓಡಿದಳು.

"ಉಸ್ತಾದ್ರ, ಉಸ್ತಾದ್ರ, ಎಣ್ಣಿ ಕೊಡ್ರಿ. ಎಣ್ಣಿ ಇದ್ದರ ಹಿಟ್ಟು. ಹಿಟ್ಟಿದ್ದರ ರೊಟ್ಟಿ. ರೊಟ್ಟಿ ಇದ್ದರ ಕಿವಿಚಿಪ್ಪು. ಕಿವಿಚಿಪ್ಪು ಇದ್ದರ ಕಿವಿ. ಕಿವಿ ಇದ್ದರ ಕುಸ್ತಿ."

"ಕೊಡೂದಿಲ್ಲ," ಅಂದ ಉಸ್ತಾದ. "ಸಾಮಾನು ಕಾಯಾಕ ಬರೂದಿಲ್ಲ, ಕುಸ್ತಿ ಹಿಡೀತಾಳಂತ."

"ನೀವೇ ಹೊರಗಿಡು ಅಂದ್ರಿ."

"ಹೊರಗಿಡು ಅಂದೆ. ನಾಯಿಗೆ ಕೊಡು ಅಂದೆನೇನು?"

ಗರಡಿ ಹುಡುಗರೆಲ್ಲ ಹೊಟ್ಟಿ ಹಿಡಕೊಂಡು ನಕ್ಕರು. ಫಕೀರವ್ವ ನಗಲಿಲ್ಲ.

"ಗರಡಿ ಮಣ್ಣು ಒಣಗೈತಿ," ಅಂದ ಉಸ್ತಾದ. "ಮಣ್ಣಿಗೆ ಸುರಿಯಾಕ ಹಾಲು ಬೇಕು. ಹಾಲು ತಾ, ಕೊಡತೀನಿ."

ಫಕೀರವ್ವ ಮನಿಗೆ ಓಡಿದಳು. ಮನಿ ಹಿತ್ತಲದಾಗ ಎಮ್ಮಿ. ಮೂರು ದಿನದಿಂದ ಅದು ಹನಿ ಹಾಲು ಕೊಟ್ಟಿಲ್ಲ.

"ಎಮ್ಮಿ, ಎಮ್ಮಿ, ಹಾಲು ಕೊಡು. ಹಾಲಿದ್ದರ ಎಣ್ಣಿ. ಎಣ್ಣಿ ಇದ್ದರ ಹಿಟ್ಟು. ಹಿಟ್ಟಿದ್ದರ ರೊಟ್ಟಿ. ರೊಟ್ಟಿ ಇದ್ದರ ಕಿವಿಚಿಪ್ಪು. ಕಿವಿಚಿಪ್ಪು ಇದ್ದರ ಕಿವಿ. ಕಿವಿ ಇದ್ದರ ಕುಸ್ತಿ."

ಎಮ್ಮಿ ತಲಿ ಝಾಡಿಸಿತು.

"ಹಾಲು, ಹಾಲು, ಹಾಲು! ಎಲ್ಲಾರೂ ಹಾಲು ಕೇಳತೀರಿ. ನನಗೇನಾಗೈತಿ ಅಂತ ಯಾರರ ಕೇಳಿದಿರೇನು? ಕಿವ್ಯಾಗ ಉಣ್ಣಿ ಹೊಕ್ಕಾವ. ಮೂರು ದಿನ ಆತು, ರಗತಾ ಹೀರಾಕತ್ತಾವ."

ಫಕೀರವ್ವ ಎಮ್ಮಿ ಕಿವಿ ಹಿಡಿದಳು. ಒಂದು ಉಣ್ಣಿ ಕಿತ್ತಳು. ಎರಡು ಉಣ್ಣಿ ಕಿತ್ತಳು. ಮೂರು ಉಣ್ಣಿ ಕಿತ್ತಳು. ಅರಿಶಿಣ ಹಚ್ಚಿದಳು. ಉಫ್ ಅಂತ ಊದಿದಳು.

ಆವಾಗ ಏನಾತು?

ಎಮ್ಮಿ ಹಾಲು ಕೊಟ್ಟಿತು. ಚರಿಗಿ ತುಂಬಿತು.

ಫಕೀರವ್ವ ಉಸ್ತಾದಗ ಹಾಲು ಕೊಟ್ಟಳು. ಉಸ್ತಾದ ಎಣ್ಣಿ ಕೊಟ್ಟ.
ಫಕೀರವ್ವ ಮಾಬುಸಾಬಗ ಎಣ್ಣಿ ಕೊಟ್ಟಳು. ಮಾಬುಸಾಬ ಹಿಟ್ಟು ಕೊಟ್ಟ.
ಫಕೀರವ್ವ ಕಲ್ಲವ್ವಗ ಹಿಟ್ಟು ಕೊಟ್ಟಳು. ಕಲ್ಲವ್ವ ರೊಟ್ಟಿ ಕೊಟ್ಟಳು.
ಫಕೀರವ್ವ ಕೆಂಚ ನಾಯಿಗೆ ರೊಟ್ಟಿ ಕೊಟ್ಟಳು. ನಾಯಿ ಕಿವಿಚಿಪ್ಪು ಕೊಟ್ಟಿತು.

ಎಲ್ಲಾ ಜೊಲ್ಲು ಜೊಲ್ಲು! ಲಂಗದ ಚುಂಗಿಗೆ ಒರಸಿ ಕಟ್ಟಿಕೊಂಡಳು. ಸಂಜಿಗೆ ಕುಸ್ತಿ ಹಿಡಿದಳು. ಎದುರಿನ ಹುಡುಗಿ ಎಳೆದಳು, ತಿಕ್ಕಿದಳು, ಒತ್ತಿದಳು. ಕಿವಿ ಗಟ್ಟಿ ಇತ್ತು. ಫಕೀರವ್ವ ಅವಳನ್ನ ಎತ್ತಿ ಚಿತ್ ಮಾಡಿದಳು. ಕಥಿ ಮುಗೀತು, ಏಳ್ರಿ.

ಯಾಕ, ಏಳವಲ್ಲಿರಿ? ಖರೇನ ಅಂತ ಕೇಳತೀರೇನು?

ಹಂಗಾರ ಹೇಳತೀನಿ, ಬೈಬ್ಯಾಡ್ರಿ. ಉಣ್ಣಿ ಕೀಳೋ ತನಕ ಖರೆ. ಮುಂದಿನದು ನಾನು ಕಟ್ಟಿದ್ದು. ಎಮ್ಮಿ ಹಾಲು ಕೊಡಲಿಲ್ಲ, ಒದ್ದಿತು. ಚರಿಗಿ ಉರುಳಿತು. ಹಾಲಿಲ್ಲ, ಎಣ್ಣಿ ಇಲ್ಲ. ಎಣ್ಣಿ ಇಲ್ಲ, ಹಿಟ್ಟಿಲ್ಲ. ಹಿಟ್ಟಿಲ್ಲ, ರೊಟ್ಟಿ ಇಲ್ಲ. ರೊಟ್ಟಿ ಇಲ್ಲ, ಕಿವಿಚಿಪ್ಪಿಲ್ಲ. ಫಕೀರವ್ವ ಬರೇ ಕಿವೀಲೆ ಕುಸ್ತಿ ಹಿಡಿದಳು. ಗೆದ್ದಳು. ಆದರ ಬಲಗಿವಿ ಬಾತು ಮಡಚಿಕೊಂಡಿತು. ಅವ್ವ ಕುಸ್ತಿ ಬಿಡಿಸಿದಳು.

ಈಗ ಬಲಗಡೆಯಿಂದ ಕರೆದರ ಫಕೀರವ್ವಗ ಕೇಳೂದಿಲ್ಲ. ಈ ಕಥಿ ಅವಳಿಗೂ ಹೇಳತೀನಿ. ನಾ ಕಟ್ಟಿದ ಕೊನೀನೇ ಹೇಳತೀನಿ, ಅವಳ ಎಡಕ್ಕ ಕುಂತು.